ಮುನಿಸಿಕೊಂಡ ಅಚ್ಚುಗಳು

ಬುಧವಾರ, ಮಧ್ಯಾಹ್ನ
ಮನೆಯಿಂದ

ನನ್ನ ಮುದ್ದು ಮಗಳಿಗೂ, ನನ್ನ ವಿಭಾಗದ ಮುಖ್ಯಸ್ಥರಿಗೂ,

ಒಂದೇ ಸೂರಿನಡಿ ಇದ್ದುಕೊಂಡು ತಾಯಿ ಮಗಳಿಗೆ ಪತ್ರ ಬರೆಯುವುದನ್ನು ಕಂಡರೆ ಯಾರಾದರೂ ನಕ್ಕಾರು. ನಗಲಿ. ಎದುರಿಗೆ ಕೂತು ಮಾತಾಡೋಣವೆಂದರೆ ನೀನು ಫೋನಿನಿಂದ ಕಣ್ಣು ಕೀಳದೆಯೇ ಹೇಳಮ್ಮ, ಕೇಳಿಸ್ಕೊಳ್ತಿದೀನಿ ಅನ್ನುತ್ತೀಯ. ನಾನು ಎರಡು ಮಾತು ಮುಗಿಸುವಷ್ಟರಲ್ಲಿ ನಿನ್ನ ಹುಬ್ಬು ಗಂಟಾಗುತ್ತದೆ, ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಲ್ಯಾಬಿನಲ್ಲಿ ಹೇಳೋಣವೆಂದರೆ ಅಲ್ಲಿ ನಾನು ನಿನಗೆ ಮೇಡಂ ಅನ್ನಬೇಕು, ನೀನು ನನಗೆ ನೀವು ಅನ್ನಬೇಕು. ಆ ಕಟ್ಟಳೆ ಮಾಡಿದವಳು ನಾನೇ. ನೀನು ಆ ಕುರ್ಚಿಗೆ ಬಂದಾಗ ಅಮ್ಮನ ಸಲುಗೆ ಕಂಡು ಯಾರೂ ನಿನ್ನನ್ನು ಆಡಿಕೊಳ್ಳಬಾರದು ಎಂದು ಮಾಡಿದೆ. ಮೊದಮೊದಲು ಮೇಡಂ ಅನ್ನುವಾಗ ಹೆಮ್ಮೆಯಿಂದ ನಗು ಬರುತ್ತಿತ್ತು.

ಸುತ್ತು ಬಳಸುವುದಿಲ್ಲ. ನಾನು ಇಯರ್‌ಫೋನ್ ಎಂದೇ ಕರೆಯುವ ನನ್ನ ಮೇಜಿನ ಹುಡುಗಿಯನ್ನು ಶುಕ್ರವಾರ ಕೆಲಸದಿಂದ ತೆಗೆಯುತ್ತಿದ್ದೀರಿ. ತೆಗೆಯಬೇಡ. ಅಜಾಗರೂಕತೆಯಿಂದ ಒಂದು ತಟ್ಟೆ ಕೆಲಸ ಹಾಳುಮಾಡಿದಳು ಎಂದು ನೀನು ವರದಿ ಕೊಟ್ಟಿದ್ದೀಯ. ಆ ಮಾತು ಅವಳ ಹಿಂದೆ ಹೋಗುತ್ತದೆ. ಹಲ್ಲಿನ ಸೆಟ್ಟು ಮಾಡುವ ಲ್ಯಾಬುಗಳು ಈ ಊರಿನಲ್ಲಿ ಇರುವುದೇ ಬೆರಳೆಣಿಕೆಯಷ್ಟು, ಎಲ್ಲರಿಗೂ ಎಲ್ಲರ ಪರಿಚಯ. ಇನ್ನೊಂದು ಬಾಗಿಲು ಅವಳಿಗೆ ತೆರೆಯುವುದಿಲ್ಲ. ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಇದು ನಿನಗೂ ಗೊತ್ತು.

ಆ ದಿನ ಆದದ್ದೇನು ಎಂಬುದನ್ನು ನಿನ್ನ ವರದಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಅದಕ್ಕೇ ನಾನು ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ ಅನ್ನಿಸಿದರೂ ಓದು.

ನಮ್ಮ ಹಳೆಯ ಮೇಜಿನಲ್ಲಿ ಒಂದು ರೂಢಿ ಇತ್ತು. ಬಾಯಿಯ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿದ ಮೇಲೆ, ಮುಂದಿನ ಹಲ್ಲುಗಳು ನಮ್ಮ ಕಡೆ ನೋಡುವಂತೆ ಇಡುತ್ತಿದ್ದೆವು. ಮೇಲಿನ ಕೆಳಗಿನ ಹಲ್ಲಿನ ಕಚ್ಚು ಸರಿಬಂದಿಲ್ಲ, ಇನ್ನೊಮ್ಮೆ ನೋಡಬೇಕು ಅನ್ನಿಸಿದರೆ ಅಚ್ಚನ್ನು ತಿರುಗಿಸಿ, ಬೆನ್ನು ಕಾಣುವಂತೆ ಇಡುತ್ತಿದ್ದೆವು. ಅದು ಮುನಿಸಿಕೊಂಡಿದೆ ಎನ್ನುತ್ತಿದ್ದೆವು. ಮುನಿಸಿಕೊಂಡ ಅಚ್ಚನ್ನು ಯಾರೂ ಮುಟ್ಟಬಾರದು, ಇಟ್ಟವರನ್ನು ಕೇಳಬೇಕು. ಶಾಲೆ ಬಿಟ್ಟ ಮೇಲೆ ನೀನು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ಇದಕ್ಕೆ ಯಾಕಮ್ಮ ಕೋಪ ಎಂದು ಒಂದೊಂದನ್ನೇ ತೋರಿಸಿ ಕೇಳುತ್ತಿದ್ದೆ. ಆಗ ನಿನಗೇ ಮುಂದಿನ ಎರಡು ಹಲ್ಲು ಇರಲಿಲ್ಲ.

ಹೊಸಬರ ಮೇಜಿನಲ್ಲಿ ಬೇರೆಯೇ ರೂಢಿ. ಅವರ ಚೀಟಿ ಅಚ್ಚಿನ ಹಿಂಬದಿಗೆ ಅಂಟಿರುತ್ತದೆ, ಮೇಣ ಕರಗಿಸಿ ಅದರ ಜಾಗಕ್ಕೆ ಗಟ್ಟಿ ವಸಡು ಒತ್ತುವ ಕೋಣೆಯ ಯಂತ್ರ ಅದನ್ನು ಓದಬೇಕು. ಹಾಗಾಗಿ ಬೆನ್ನು ಹೊರಗಿಟ್ಟರೆ ಕೆಲಸ ಮುಗಿಯಿತು, ತೆಗೆದುಕೊಂಡು ಹೋಗಬಹುದು ಎಂದರ್ಥ. ಅವರದೂ ತಪ್ಪಲ್ಲ, ನಮ್ಮದೂ ತಪ್ಪಲ್ಲ. ಮೊದಲು ಎರಡು ಮೇಜೂ ಬೇರೆ ಬೇರೆ ಕೋಣೆಯಲ್ಲಿದ್ದವು, ಒಬ್ಬರ ರೂಢಿ ಇನ್ನೊಬ್ಬರಿಗೆ ತೊಡಕಾಗುವ ಮಾತೇ ಇರಲಿಲ್ಲ.

ಆಮೇಲೆ ನೀವು ಎಲ್ಲ ತಲೆಮಾರಿನವರನ್ನೂ ಒಂದೇ ಮೇಜಿಗೆ ತಂದಿರಿ, ನಮ್ಮ ಅಚ್ಚುಗಳಿಗೂ ಚೀಟಿ ಅಂಟಿಸಿದಿರಿ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಇಯರ್‌ಫೋನ್ ನನ್ನ ಜೋಡಿಯಾದಳು. ಒಂದು ಕಿವಿ ನನಗೆ, ಇನ್ನೊಂದು ಹಾಡಿಗೆ, ಹೀಗೆ ಎರಡು ಸಂಸಾರ ತೂಗಿಸುತ್ತಿದ್ದಳು. ನನಗೆ ಕಂಪ್ಯೂಟರ್ ಪರದೆಯ ಮೇಲೆ ದವಡೆ ತಿರುಗಿಸುವುದನ್ನು ಕಲಿಸಿದಳು; ನಾನು ತಪ್ಪು ಗುಂಡಿ ಒತ್ತಿದಾಗ ತಲೆ ಚಚ್ಚಿಕೊಂಡು ನಗುತ್ತಿದ್ದಳೇ ಹೊರತು ಪರವಾಗಿಲ್ಲ ಬಿಡಿ ಆಂಟಿ ಎಂದು ನನ್ನ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತಿರಲಿಲ್ಲ. ಅವಳು ಕೂರಿಸಿದ ಹಲ್ಲು ನನಗೆ ಹಿಡಿಸದಿದ್ದರೆ ನಾನೂ ಮುಲಾಜಿಲ್ಲದೆ ಹೇಳುತ್ತಿದ್ದೆ, ಅವಳೂ ಮುಲಾಜಿಲ್ಲದೆ ಜಗಳಕ್ಕೆ ಬರುತ್ತಿದ್ದಳು. ನನ್ನೊಡನೆ ಜಗಳವಾಡುವವರು ಆ ಲ್ಯಾಬಿನಲ್ಲಿ ಅವಳೊಬ್ಬಳೇ ಉಳಿದಿದ್ದಳು. ಉಳಿದವರೆಲ್ಲ ನನ್ನ ಕಂಡರೆ ದನಿ ಎತ್ತರಿಸಿ, ನಿಧಾನವಾಗಿ, ಮಗುವಿಗೆ ಹೇಳುವಂತೆ ಮಾತಾಡುತ್ತಾರೆ. ನನ್ನ ಕಿವಿ ಚೆನ್ನಾಗಿಯೇ ಇದೆ.

ತರಬೇತಿಯ ದಿನ ನಮ್ಮಿಂದ ಬಲೂನು ಊದಿಸಿ ಒಬ್ಬರಿಂದೊಬ್ಬರಿಗೆ ದಾಟಿಸುವ ಆಟ ಆಡಿಸಿದಿರಲ್ಲ, ನನ್ನದು ಒಡೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೋ ಇವತ್ತಿಗೂ ಗೊತ್ತಿಲ್ಲ. ನೀವು ಅಚ್ಚನ್ನು ಹೇಗೆ ಇಡುತ್ತೀರಿ ಎಂದು ಮಾತ್ರ ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ನಾನು ಅವಳಿಗೆ ಹೇಳಲಿಲ್ಲ, ಅವಳು ನನಗೆ ಹೇಳಲಿಲ್ಲ. ಇದನ್ನೂ ಹೇಳಬೇಕೇ, ಗೊತ್ತೇ ಇರುತ್ತದೆ ಎಂದು ಇಬ್ಬರೂ ತಿಳಿದುಕೊಂಡೆವು. ಮುಗಿದ ಕೆಲಸ ಇಡುವ ಟ್ರಾಲಿ ನನ್ನ ಬೆನ್ನ ಹಿಂದೆ ಇತ್ತು, ಅವಳು ಹೇಗೆ ಇಡುತ್ತಾಳೆ ಎಂದು ನಾನು ತಿರುಗಿ ನೋಡಿದವಳಲ್ಲ. ಆ ದಿನದವರೆಗೆ ಅಚ್ಚು ಮುನಿಸಿಕೊಂಡಿರುವಾಗ ನಾನು ಒಮ್ಮೆಯೂ ಜಾಗ ಬಿಟ್ಟು ಎದ್ದವಳಲ್ಲ.

ಆ ದಿನ ಎದ್ದೆ. ಹೊಸ ಮೇಣ ಸೆಕೆಗೆ ಮೆತ್ತಗಾಗಿತ್ತು, ಒಂದೊಂದು ಹಲ್ಲೂ ಕೂದಲೆಳೆಯಷ್ಟು ಜರುಗಿತ್ತು. ತಟ್ಟೆ ಪೂರ್ತಿ ತಿರುಗಿಸಿಟ್ಟು, ಮೇಣ ಆರಿದ ಮೇಲೆ ಒಂದೊಂದನ್ನೇ ಕಚ್ಚಿಸಿ ನೋಡೋಣವೆಂದು ಕಾಯುತ್ತಿದ್ದೆ. ಇಯರ್‌ಫೋನ್ ಇನ್ನೊಂದು ಕೋಣೆಯಿಂದ ಅಚ್ಚು ತರಲು ಹೋಗಿದ್ದಳು. ಅಷ್ಟರಲ್ಲಿ ನೀನು ಬಂದೆ. ನಮ್ಮ ಮೇಜು ನೋಡಲು ಹೊರಗಿನಿಂದ ಅತಿಥಿಗಳು ಬಂದಿದ್ದರು, ಹಿರಿಯರ ಜೊತೆ ಫೋಟೋ ಬೇಕಂತೆ. ತಟ್ಟೆ ಪೂರ್ತಿ ಮುನಿಸಿಕೊಂಡಿದೆ, ಈಗ ಬರಲಾಗುವುದಿಲ್ಲ ಎಂದು ನಿನಗೆ ಹೇಳಿದೆ. ಒಂದೇ ನಿಮಿಷ ಅಮ್ಮ ಅಂದೆ ನೀನು, ಅದೂ ಎಲ್ಲರೆದುರಿಗೆ. ಆ ಕುರ್ಚಿಗೆ ಬಂದ ಮೇಲೆ ಲ್ಯಾಬಿನೊಳಗೆ ನೀನು ಅಮ್ಮ ಅಂದದ್ದು ಅದೇ ಮೊದಲು. ನಾನು ಕರಗಿಹೋದೆ, ಏಪ್ರನ್ ಬಿಚ್ಚಿ ನಿನ್ನ ಹಿಂದೆ ಬಂದೆ.

ಅತಿಥಿಗಳಿಗೆ ಯಂತ್ರ ಓಡುವುದನ್ನು ತೋರಿಸಬೇಕು, ಬೇಗ ಏನಾದರೂ ಕಳಿಸಿ ಎಂದು ಒತ್ತುವ ಕೋಣೆಯವರು ಅವಸರ ಮಾಡಿದರಂತೆ. ಇಯರ್‌ಫೋನ್ ವಾಪಸು ಬಂದು ನೋಡಿದಳು. ತಟ್ಟೆಯ ತುಂಬ ಬೆನ್ನು. ಮುಗಿದಿದೆ ಅಂದುಕೊಂಡಳು, ಕಳಿಸಿದಳು. ಮೇಣ ಕರಗಿ ಗಟ್ಟಿ ವಸಡು ಒತ್ತಿದ ಮೇಲೆ ತಿದ್ದುವ ಮಾತಿಲ್ಲ. ಆಮೇಲಿನದು ನಿನಗೆ ಗೊತ್ತು. ಒಬ್ಬ ಮುದುಕರು ಹೊಸ ಹಲ್ಲು ಹಾಕಿಕೊಂಡು ಬಾಯಿ ಮುಚ್ಚಲಾಗದೆ ಕ್ಲಿನಿಕ್ಕಿನಲ್ಲೇ ಅತ್ತರಂತೆ. ಆ ಕ್ಲಿನಿಕ್ಕಿನವರು ನಮಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಯಾರದಾದರೂ ತಲೆ ಹೋಗಬೇಕಿತ್ತು.

ತಪ್ಪು ನನ್ನದು ಅಂತ ಹೇಳು ಎಂದು ಆ ಸಂಜೆ ಅಡುಗೆಮನೆಯಲ್ಲಿ ನಿನಗೆ ಹೇಳಿದೆ. ಅದಕ್ಕೆ ನೀನು ಆಡಿದ ಮಾತು ಇನ್ನೂ ನನ್ನ ಎದೆಯಲ್ಲಿ ಕೂತಿದೆ. "ನಿನ್ನ ಮೇಲೆ ಹಾಕಿದ್ರೂ ಯಾರೂ ತಪ್ಪು ಅನ್ನಲ್ಲಮ್ಮ, ವಯಸ್ಸಾಯ್ತು ಅಂತಾರೆ ಅಷ್ಟೇ. ಸುಮ್ನೆ ಯಾಕೆ ಎಳ್ಕೊಳ್ತೀಯ?" ನನಗೆ ಒಳ್ಳೆಯದು ಮಾಡಲೆಂದೇ ಹೇಳಿದೆ, ಬಲ್ಲೆ. ಆದರೆ ಯೋಚಿಸು. ಅವಳು ತಪ್ಪಿದರೆ ತಪ್ಪು, ನಾನು ತಪ್ಪಿದರೆ ವಯಸ್ಸು. ತಪ್ಪು ಮಾಡುವ ಯೋಗ್ಯತೆಯೂ ನನಗೆ ಉಳಿದಿಲ್ಲ ಅಂದಮೇಲೆ ನಾನು ಅಲ್ಲಿ ಕೆಲಸದವಳೇ ಅಲ್ಲ. ಗೋಡೆಯ ಗಡಿಯಾರ ಹಿಂದೆ ಬಿದ್ದರೆ ಅದನ್ನು ಯಾರೂ ಬೈಯುವುದಿಲ್ಲ ನೋಡು, ಹಾಗಾಯಿತು ನನ್ನ ಕಥೆ.

ಕಳೆದ ವಾರದ ಸೋಮವಾರದಿಂದ ನನ್ನನ್ನು ಹಿರಿಯ ಸಲಹೆಗಾರ್ತಿ ಮಾಡಿದ್ದೀರಿ. ಕಿಟಕಿಯ ಪಕ್ಕ ಮೆತ್ತನೆಯ ಕುರ್ಚಿ. ಎದುರಿಗೆ ಮೇಜಿಲ್ಲ, ದೀಪವಿಲ್ಲ, ಮೇಣವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹಾದುಹೋಗುವವರೆಲ್ಲ ನಕ್ಕು ಊಟ ಆಯ್ತಾ ಅನ್ನುತ್ತಾರೆ. ಸಲಹೆ ಕೇಳಲು ಒಬ್ಬರೂ ಬಂದಿಲ್ಲ. ಸಂಜೆ ಕೈ ತೊಳೆಯಲು ಹೋದರೆ ಕೈಯಲ್ಲಿ ತೊಳೆಯುವಂಥದು ಏನೂ ಇರುವುದಿಲ್ಲ. ಎರಡನೆಯ ದಿನ ನಲ್ಲಿಯ ಮುಂದೆ ನಿಂತು ಅತ್ತುಬಿಟ್ಟೆ.

ನಿನಗೆ ಹೇಳದೆ ನಿನ್ನೆ ಲ್ಯಾಬಿನ ದೊಡ್ಡವರ ಕೋಣೆಗೆ ಹೋಗಿದ್ದೆ. ಸಿಟ್ಟಾಗಬೇಡ. ಮುನಿಸಿನ ರೂಢಿ, ಚೀಟಿಯ ರೂಢಿ ಎರಡನ್ನೂ ಬಿಡಿಸಿ ಹೇಳಿದೆ. ತಟ್ಟೆ ತಿರುಗಿಸಿಟ್ಟವಳು ನಾನು, ಹುಡುಗಿಯನ್ನು ಉಳಿಸಿಕೊಳ್ಳಿ ಅಂದೆ. ಅವರು ಎದ್ದು ನಿಂತು ಕುರ್ಚಿ ಕೊಟ್ಟರು, ನೀರು ತರಿಸಿದರು. ಎಲ್ಲವನ್ನೂ ಕೇಳಿದ ಮೇಲೆ, "ಈ ವಯಸ್ಸಲ್ಲೂ ಬೇರೆಯೋರ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತೀರಲ್ಲಮ್ಮ, ನಿಮ್ಮಂಥೋರು ಈಗ ಎಲ್ಲಿ ಸಿಗ್ತಾರೆ" ಅಂದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಆಮೇಲೆ ಆಫೀಸಿನ ಕಾರಿನಲ್ಲಿ ಮನೆಗೆ ಕಳಿಸಿದರು. ನಾನು ಸುಳ್ಳು ಹೇಳಿದ್ದರೆ ನಂಬುತ್ತಿದ್ದರೇನೋ.

ಇವತ್ತು ಬೆಳಗ್ಗೆ ಮೈ ಸರಿಯಿಲ್ಲವೆಂದು ರಜೆ ಹಾಕಿದ್ದು ನೆಪ. ಇಯರ್‌ಫೋನಿನ ಮನೆಗೆ ಹೋಗಿದ್ದೆ, ಅವಳಿಗೆ ಮಧ್ಯಾಹ್ನದ ಪಾಳಿ. ಅಂಗಡಿಯ ಮೇಲೆ ಒಂದೇ ಕೋಣೆ. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ದೊಡ್ಡವರಿಗೆ ಹೇಳಿ ಬಂದೆ ಅಂದೆ, ಕುರ್ಚಿ ಕೊಟ್ಟರು, ಕಾರಲ್ಲಿ ಕಳಿಸಿದರು ಎನ್ನುವುದನ್ನೂ ದಡ್ಡಿಯ ಹಾಗೆ ಹೇಳಿದೆ. ಅವಳು ಕೂಗಾಡಲಿಲ್ಲ. "ನನ್ನನ್ನ ಕೂರ್ಸೂ ಇಲ್ಲ ಆಂಟಿ, ನಿಂತಲ್ಲೇ ಮುಗಿಸಿದ್ರು" ಅಂದಳು. ನಿನ್ನ ಮಾತು ಬಂದಾಗ ನನ್ನ ಮುಖ ನೋಡಿ, ಮಾತು ಹೊರಳಿಸಿ, ನೀರು ಬೇಕೇ ಅಂದಳು. ಬೇರೆ ಮೇಜಿನವರು ಸಾಕ್ಷಿ ಹೇಳುವರೇ ಎಂದು ಕೇಳಿದೆ. ಹೊಸಬರು, ಮುದುಕರ ಜೊತೆ ಹಾಕಿದ್ದಕ್ಕೇ ಹೀಗಾಯಿತು ಅನ್ನುತ್ತಾರಂತೆ. ಹಳಬರು, ಹುಡುಗರ ಕೈಗೆ ಕೊಟ್ಟಿದ್ದಕ್ಕೇ ಹೀಗಾಯಿತು ಅನ್ನುತ್ತಾರೆ, ಅದನ್ನು ನಾನೇ ಕೇಳಿದ್ದೇನೆ. ನಮ್ಮಿಬ್ಬರನ್ನು ಬಿಟ್ಟರೆ ಎಲ್ಲರಿಗೂ ಒಂದೊಂದು ಉತ್ತರ ಸಿಕ್ಕಿದೆ. ಮತ್ತೆ ಬೇರೆ ಬೇರೆ ಕೋಣೆ ಮಾಡಿಕೊಡಿ ಎಂದು ಎರಡು ಕಡೆಯವರೂ ಕೇಳುತ್ತಿದ್ದಾರೆ.

ಮೆಟ್ಟಿಲು ಇಳಿಯುವಾಗ ಅವಳು ನನ್ನ ಕೈ ಹಿಡಿದುಕೊಳ್ಳಲು ಬಂದಳು. ಬೇಡ ಅಂದೆ. ಅವಳೂ ನನ್ನನ್ನು ಮುದುಕಿ ಮಾಡುವುದನ್ನು ನನ್ನಿಂದ ನೋಡಲಾಗಲಿಲ್ಲ.

ಮಗಳೇ, ನಿನ್ನ ಒಂದು ಮಾತು ಸಾಕು. ಎರಡು ರೂಢಿ ಇದ್ದವು, ಅವೆರಡನ್ನೂ ಬಲ್ಲ ವಿಭಾಗ ಅದನ್ನು ಯಾರಿಗೂ ತಿಳಿಸಲಿಲ್ಲ ಎಂದು ವರದಿಯನ್ನು ತಿದ್ದಿ ಬರೆ. ನನ್ನ ಪಾಲಿನ ತಪ್ಪನ್ನು ನನಗೆ ಕೊಡು, ಮೆತ್ತನೆಯ ಕುರ್ಚಿಯನ್ನು ತೆಗೆದುಕೋ. ನೀನು ಬರೆಯುವುದಿಲ್ಲ ಎಂದು ನನ್ನ ಒಳಮನಸ್ಸು ಹೇಳುತ್ತಿದೆ. ಆದರೂ ಕೇಳುತ್ತಿದ್ದೇನೆ, ಕೇಳಲು ನನಗೆ ಬೇರೆ ಯಾರಿದ್ದಾರೆ.

ಊಟ ಒಲೆಯ ಪಕ್ಕ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ತಿನ್ನು.

ಇಂತಿ ನಿನ್ನ,
ಅಮ್ಮ

ಮ.ಮ: ನಿನ್ನೆ ಕಾರು ಹತ್ತುವ ಮೊದಲು, ಮುಂಬಾಗಿಲಲ್ಲಿ ಹೊಸದಾಗಿ ಹಾಕಿದ ದೊಡ್ಡ ಪೋಸ್ಟರು ನೋಡಿದೆ. ಆ ದಿನದ ಫೋಟೋ. ನಾನು ಮಧ್ಯದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದೇನೆ. ನನ್ನ ಹೆಗಲ ಹಿಂದೆ ಟ್ರಾಲಿ ಹೋಗುತ್ತಿದೆ, ಅದರ ಮೇಲೆ ನನ್ನ ಸೊಟ್ಟ ಸ್ಟೀಲ್ ತಟ್ಟೆ. ಆ ತಟ್ಟೆ ಲ್ಯಾಬಿನಲ್ಲಿ ಇನ್ಯಾರ ಹತ್ತಿರವೂ ಇಲ್ಲ. ಅಚ್ಚುಗಳೆಲ್ಲ ಬೆನ್ನು ತಿರುಗಿಸಿ ಕೂತಿವೆ. ಅತಿಥಿಗಳು ಕ್ಯಾಮೆರಾ ನೋಡುತ್ತಿದ್ದಾರೆ. ಅಂಚಿನಲ್ಲಿ ನಿಂತ ನೀನೊಬ್ಬಳೇ ತಟ್ಟೆಯನ್ನು ನೋಡುತ್ತಿದ್ದೀಯ. ನಿಲ್ಲಿಸಿ ಅನ್ನಲು ಬಾಯಿ ಅರ್ಧ ತೆರೆದಿದೆ, ಅತಿಥಿಗಳೆದುರು ಅನ್ನಲಾಗದೆ ಹಾಗೇ ನಿಂತಿದೆ. ಹೆತ್ತವಳಿಗೆ ಆ ಬಾಯಿ ಅರ್ಥವಾಗದೇ ಇರುತ್ತದೆಯೇ? ನೋಡಿದ್ದೇ ತಿರುಗಿ ದೊಡ್ಡವರ ಕೋಣೆಯ ಬಾಗಿಲವರೆಗೆ ಹೋದೆ. ನನ್ನ ಮಗಳು ಕಂಡೂ ತಡೆಯಲಿಲ್ಲ ಎನ್ನಬೇಕಿತ್ತು; ಹುಡುಗಿಯನ್ನು ಉಳಿಸುವ ಮಾತು ಅದೊಂದೇ ಇತ್ತು, ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ನಿನ್ನ ದನಿ ಕೇಳಿಸಿತು. ನುಂಗಿಕೊಂಡು ಬಂದು ಕಾರು ಹತ್ತಿದೆ.