ಎ, ಆರ್ ಇರುವ ಐದಕ್ಷರ

ಬಂದರು, ಮಂಗಳೂರು
ದಶಂಬರ ೧೨, ೧೯೩೬

ಬೊಂಬಾಯಿ ಪುರವಾಸಿ, ವಾಂತಿಶಿರೋಮಣಿ, ಶ್ರೀಮಾನ್ ಅಲ್ಫೋನ್ಸ್ ಮಹಾಶಯರ ದಿವ್ಯ ಸನ್ನಿಧಾನಕ್ಕೆ, ಮಣ್ಣಗುಡ್ಡದ ಜಯನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಭಯಭಕ್ತಿಯಿಂದ ಕೇಳುವುದೇನೆಂದರೆ:

ಮಾರಾಯ, ನೀನು ಎಲ್ಲಿದ್ದೀ?

ಮೊನ್ನೆ ಆಫೀಸಿಗೆ ನಿನ್ನ ತಂತಿ ಬಂತು. ಎರಡೇ ಶಬ್ದ. ಬಿಯರ್ಡ್, ಬಿಯರ್ಡ್. ನಮ್ಮ ಹಿರಿಯ ಗುಮಾಸ್ತ ನೋಣಯ್ಯಣ್ಣ ಸಂಕೇತದ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಹುಡುಕಿದರು. ಕಡೆಗೆ, ಗಡ್ಡಕ್ಕೂ ಹೆಂಚಿನ ವ್ಯಾಪಾರಕ್ಕೂ ಎಂತ ಸಂಬಂಧ ಮಾರಾಯ, ಎಂದು ನನ್ನನ್ನೇ ಕೇಳಿದರು. ನಾನು ಶಾಸ್ತ್ರಿಗಳಂತೆ ಮುಖ ಮಾಡಿ, ಗೊತ್ತಿಲ್ಲ ಎಂದೆ.

ಗೊತ್ತಿಲ್ಲದೆ ಏನು? ಆ ಪಟ್ಟಿ ಮಾಡಿದವರು ನಾವಿಬ್ಬರೇ ಅಲ್ಲವೆ. ತಂತಿಗೆ ಶಬ್ದಕ್ಕಿಷ್ಟು ಎಂದು ದುಡ್ಡು. ಹಾಗಾಗಿ ಒಂದೊಂದು ಉದ್ದ ಸುದ್ದಿಗೂ ಒಂದೊಂದು ಇಂಗ್ಲಿಷ್ ಶಬ್ದ ಹುಡುಕಿ ಎಂದು ಧಣಿಗಳು ಅಪ್ಪಣೆ ಕೊಟ್ಟರು. ಸರಿಯಾಗಿ ಐದಕ್ಷರ ಇರಬೇಕು. ಅದರೊಳಗೆ ಅವರ ಹೆಸರಿನ ಎ ಮತ್ತು ಆರ್ ಎರಡೂ ಕೂತಿರಬೇಕು, ಬೇರೆಯವರ ಶಬ್ದ ನುಸುಳಿದರೆ ಕೂಡಲೇ ತಿಳಿಯಲಿಕ್ಕೆ. ಹೆಂಚಿನ ಗೋದಾಮಿನಲ್ಲಿ ಹೊಟ್ಟೆ ಮೇಲೆ ಮಲಗಿ, ನಿಘಂಟಿನ ಒಂದೊಂದು ಹಾಳೆಯನ್ನೂ ಹೇನು ಹೆಕ್ಕುವ ಹಾಗೆ ಹೆಕ್ಕಿದೆವು. ಶುಗರ್ ಅಂದರೆ ಸರಕು ಒದ್ದೆಯಾಗಿದೆ. ಚೇರ್ ಅಂದರೆ ಹೆಂಚು ಸಾಗಿಸುವ ನಮ್ಮ ಹಾಯಿಹಡಗು, ಆ ಮಂಜಿ, ಹಾಯಿ ಬಿಚ್ಚಿ ಹೊರಟಿದೆ. ಮಿಕ್ಕ ಶಬ್ದಗಳನ್ನು ನಮ್ಮಿಬ್ಬರಿಗೇ ಎತ್ತಿಟ್ಟುಕೊಂಡೆವು. ಪ್ರಾನ್ ಅಂದರೆ ಒಣ ಸಿಗಡಿ ಕಳಿಸು. ಶಾರ್ಕ್ ಅಂದರೆ ಧಣಿಗಳು ಸಿಟ್ಟಿನಲ್ಲಿದ್ದಾರೆ. ಬಿಯರ್ಡ್ ಮಾತ್ರ ನಿನ್ನ ಸ್ಮಾರಕ. ಮಲ್ಪೆಗೆ ಹೋಗುವಾಗ ನೀನು ಮಂಜಿ ನಡೆಸುವ ತಂಡೇಲ ಇದಿನಬ್ಬರ ಗಡ್ಡದ ಮೇಲೆಯೇ ಹೊಟ್ಟೆ ಖಾಲಿ ಮಾಡಿದೆಯಲ್ಲ, ಅದರ ನೆನಪಿಗೆ ಕೊಟ್ಟ ಅರ್ಥ: ಮಂಜಿ ಹತ್ತಬೇಡ.

ತಂತಿ ಕಂಡದ್ದೇ ನಗು ಬಂತು. ಆಮೇಲೆ ನಿಂತಿತು. ಅರ್ಧ ಬೀಡಿ ನಂದಿಸಿ ಕಿವಿಗೆ ಸಿಕ್ಕಿಸಿ ಮರುದಿನ ಸೇದುವವನು ನೀನು. ಅಂಥವನು ತಮಾಷೆಯ ಶಬ್ದಕ್ಕೆ ಎರಡೆರಡು ಸಲ ದುಡ್ಡು ಕೊಡುತ್ತೀಯಾ?

ಕೂಡಲೇ ನಮ್ಮ ಬೊಂಬಾಯಿ ಆಫೀಸಿಗೆ ನಿನ್ನ ಹೆಸರಿಗೆ ತಂತಿ ಕೊಟ್ಟೆ. ನಿನ್ನಿಂದ ಉತ್ತರ ಬರಲಿಲ್ಲ. ಅಲ್ಲಿಯ ಮ್ಯಾನೇಜರರಿಂದ ಧಣಿಗಳಿಗೇ ಬಂತು: ಅಲ್ಫೋನ್ಸ್ ಕೆಲಸ ಬಿಟ್ಟು ಹೋಗಿದ್ದಾನೆ. ಅದಕ್ಕೇ ಈ ಪತ್ರವನ್ನು ನಿನ್ನ ಬಿಡಾರದ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಧಣಿಗಳು ನನ್ನನ್ನು ಒಳಗೆ ಕರೆದರು. ಬೈಯಲಿಲ್ಲ. ಕೂತ್ಕೋ ಎಂದರು. ಕಾಫಿ ತರಿಸಿದರು! ಈ ಆಫೀಸು ಕಟ್ಟಿದ ಮೇಲೆ ಗುಮಾಸ್ತನೊಬ್ಬ ಧಣಿಗಳ ಕಾಫಿ ಕುಡಿದದ್ದು ಇದೇ ಮೊದಲಿರಬೇಕು. ಆ ಶಬ್ದದ ಅರ್ಥ ಎಂತ ಜಯ, ಎಂದು ಮೆಲ್ಲಗೆ ಕೇಳಿದರು. ನಮ್ಮ ತಮಾಷೆ ಧಣಿಗಳೇ ಎಂದು ಎಲ್ಲ ಹೇಳಿಬಿಟ್ಟೆ. ಅವರು ಕಿಟಕಿಯಾಚೆ ನೋಡುತ್ತ, ‘ತಮಾಷೆಯಾದರೆ ಹೆದರಿಕೆ ಎಂತದು? ಈ ಸಲ ಮಂಜಿಯಲ್ಲಿ ನೀನೂ ಹೋಗಿ ಬಾ. ಬೊಂಬಾಯಿ ನೋಡಿದ ಹಾಗೂ ಆಯ್ತು’ ಎಂದರು.

ಹೊರಗೆ ಬಂದಾಗ ನೋಣಯ್ಯಣ್ಣ ನನ್ನನ್ನು ಗೋದಾಮಿನ ಹಿಂದೆ ಎಳೆದರು. ಈ ಸಲ ತುಂಬಿದ್ದು ಮುಕ್ಕಾಲು ಪಾಲು ಒಡಕು ಹೆಂಚಂತೆ. ಕಾಗದದಲ್ಲಿ ಮಾತ್ರ ಒಂದನೇ ನಂಬ್ರ. ಹಳೇ ಮಂಜಿಗೆ ಹೊಸ ವಿಮೆ. ಮುಳುಗಿದರೆ ತೇಲುವುದಕ್ಕಿಂತ ಲಾಭ. ‘ನಾನು ಹೇಳಿದೆ ಅಂತ ಹೇಳ್ಬೇಡ, ನಂಗೆ ಮಕ್ಕಳು ಉಂಟು’ ಎಂದು ಓಡಿದರು.

ಓಡಿಹೋಗಿ ಇದಿನಬ್ಬರಿಗೆ ಹೇಳಿದೆ. ಹೋದ ವರ್ಷ ಬಿರುಗಾಳಿಯ ತಂತಿ ಬಂದಿದೆ ಎಂದು ನಾನು ಬಿಟ್ಟ ಬುರುಡೆಗೆ ಅವರು ಹಾಯಿ ಇಳಿಸಿ ಇಡೀ ದಿನ ನೀಲಿ ಆಕಾಶ ನೋಡುತ್ತ ಕೂತದ್ದು ನಿನಗೆ ನೆನಪಿರಬಹುದು. ಅವರಿಗಂತೂ ಚೆನ್ನಾಗಿ ನೆನಪುಂಟು. ‘ಹೋಗು ಮಾರಾಯ, ನಿನ್ನ ಗಾಳಿ ಒಮ್ಮೆ ತಿಂದಾಯ್ತು. ಈ ಸಲ ಎಂತ, ಸಮುದ್ರಕ್ಕೆ ಬೆಂಕಿ ಬಿದ್ದಿದಾ?’ ಎಂದರು. ಖಲಾಸಿಗಳೆಲ್ಲ ನಕ್ಕರು. ಅವರ ದೊಡ್ಡ ಮಗ ಎಲ್ಲರಿಗಿಂತ ಜೋರಾಗಿ ನಕ್ಕ.

ಆದರೂ ನೀನು ಗಾಬರಿಯಾಗಬೇಡ. ನನಗೊಂದು ಧೈರ್ಯ ಉಂಟು. ಧಣಿಗಳ ತಂಗಿಯ ಮಗ ಮುದ್ದು ಯಾವಾಗಲಿನಂತೆ ಸರಕಿನ ಮೇಲ್ವಿಚಾರಣೆಗೆ ಬರುತ್ತಾನೆ. ನಮ್ಮದು ಅಳಿಯಸಂತಾನ. ಧಣಿಗಳ ಮನೆ, ಗದ್ದೆ, ಗೋದಾಮು ಎಲ್ಲ ನಾಳೆ ಸೇರುವುದು ಅವನಿಗೆ. ನಮ್ಮವರು ಹೆತ್ತ ಮಗನನ್ನಾದರೂ ನೀರಿಗೆ ಬಿಟ್ಟಾರು, ಅಳಿಯನನ್ನು ಬಿಡುವವರಲ್ಲ. ಮುದ್ದು ಇರುವ ತನಕ ಈ ಮಂಜಿ ಮುಳುಗದು. ಹಾಗಾಗಿ ನಾನು ಅವನ ಪಕ್ಕದಲ್ಲೇ ಚಾಪೆ ಹಾಸುವುದೆಂದು ತೀರ್ಮಾನಿಸಿ, ಬೆಳಿಗ್ಗೆಯೇ ಪೆಟ್ಟಿಗೆ ಹೊತ್ತು ಬಂದು, ಮಂಜಿಯ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ತಮಾಷೆ ಮಾಡಿದ್ದಾದರೆ ನಮ್ಮ ಮನೆಗೆ ಒಂದು ಕಾರ್ಡು ಹಾಕು. ಅಮ್ಮ ಓದಿಸಿಕೊಳ್ಳುತ್ತಾರೆ. ನಿನ್ನನ್ನು ಬೈಯದಂತೆ ಹೇಳಿ ಬಂದಿದ್ದೇನೆ.

ಇಂತು, ಹೆಂಚಿನ ರಾಶಿಯ ಮೇಲೆ ಪದ್ಮಾಸನ ಹಾಕಿರುವ,
ನಿನ್ನ ಜಯ

ಮರೆತ ಮಾತು: ಈಗಷ್ಟೇ ದಡದಿಂದ ದೋಣಿ ಬಂತು. ಮುದ್ದುವಿಗೆ ಜ್ವರವಂತೆ, ಧಣಿಗಳು ಹೇಳಿ ಕಳಿಸಿದ್ದಾರೆ, ಇಳಿಯಬೇಕಂತೆ. ಅವನು ಗೋಳಿಬಜೆಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು, ಹಾಸಿಗೆ ಸುತ್ತಿ ಇಳಿದ. ನನ್ನ ಮುಖ ನೋಡಲಿಲ್ಲ. ದೋಣಿಯಲ್ಲಿ ಇನ್ನೊಬ್ಬನಿಗೆ ಜಾಗ ಉಂಟು. ದೋಣಿಯವನ ಕೈಗೆ ಪತ್ರವನ್ನಷ್ಟೇ ಕೊಡುತ್ತೇನೆ. ಇಷ್ಟು ಜನರನ್ನು ನಂಬಿಸದೆ ಒಬ್ಬನೇ ಇಳಿದುಹೋಗಲು ಕಾಲು ಬರುವುದಿಲ್ಲ. ಇದಿನಬ್ಬರಿಗೆ ಇನ್ನೊಮ್ಮೆ ಹೇಳಿದೆ, ಕೈಮುಗಿದು ಹೇಳಿದೆ. ಅವರು ಗಡ್ಡ ನೀವಿಕೊಂಡು ನಕ್ಕರು.