ಹತ್ತಕ್ಕೆ ಹೊರಟು ಹತ್ತಾಗುವ ಮೊದಲೇ ಇಳಿದದ್ದು

ಬರ್ಮಿಂಗ್‌ಹ್ಯಾಮ್, ಅಲಬಾಮಾ
ಮಂಗಳವಾರ

ತಂಗಿ ಇಮೋಜೀನ್,

ವಿಮಾನ ಬೀಳಲಿಲ್ಲ, ಬದುಕಿದ್ದೇನೆ. ಅಟ್ಲಾಂಟಾದಿಂದ ಇಲ್ಲಿಗೆ ನೂರೈವತ್ತು ಮೈಲಿಯೂ ಇಲ್ಲ. ಕಡಲೆಕಾಯಿ ಪೊಟ್ಟಣ ಬಿಚ್ಚುವಷ್ಟರಲ್ಲಿ ಇಳಿಸಿಬಿಟ್ಟರು.

ನಿನ್ನ ಭಾವ ವರ್ಲನ್ ಗೊತ್ತಲ್ಲ, ಮದುವೆಯಾದಾಗಿನಿಂದ ನನಗೆ ತಮ್ಮ ಟ್ರಕ್ಕಿನ ಸ್ಟೀರಿಂಗ್ ಮುಟ್ಟಗೊಟ್ಟವರಲ್ಲ. ಮಂಡಿನೋವಿಗೆ ನಾನು ವಿಮಾನದಲ್ಲಿ, ಅವರು ಟ್ರಕ್ಕಿನಲ್ಲಿ ಇಲ್ಲಿನ ಮಗಳ ಮನೆಗೆ ಹೊರಡುವ ಮಾತು ಬಂದಾಗ ನಾನೇ ಕೆಣಕಿದೆ: "ಗಡಿಯಾರದಲ್ಲಿ ಒಂದು ನಿಮಿಷವೂ ಕಳೆಯದ ಹಾಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಳೀತೀನಿ. ಪಂತಾನಾ?"

"ತಲೆ ಕೆಟ್ಟಿದೆಯೇನೆ ಅರ್ವೆಲ್ಲಾ? ಹಾಗೇನಾದ್ರೂ ಇಳಿದ್ರೆ ವಾಪಸ್ ಬರೋವಾಗ ಟ್ರಕ್ ನೀನೇ ಓಡಿಸು!"

ಅಲಬಾಮಾದ ಗಡಿಯಾರ ನಮ್ಮ ಜಾರ್ಜಿಯಾದ್ದಕ್ಕಿಂತ ಒಂದು ಗಂಟೆ ಹಿಂದೆ ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎಷ್ಟು ಸಲ ಇಲ್ಲಿಗೆ ಬಂದರೂ ಕೈಗಡಿಯಾರದ ಮುಳ್ಳು ತಿರುಗಿಸಿದವರಲ್ಲ. "ಇವರ ನಿಧಾನ ಗಂಟೆ ನನಗ್ಯಾಕೆ?" ಅನ್ನುವುದೇ ಅವರ ಜಂಬ.

ಇವತ್ತು ಅಲ್ಲಿಂದ ಹತ್ತಕ್ಕೆ ಹೊರಟೆ. ಇಲ್ಲಿ ಇಳಿದಾಗ ಗೋಡೆಯ ಗಡಿಯಾರದಲ್ಲಿ ಹತ್ತಾಗಲು ಇನ್ನೂ ಐದು ನಿಮಿಷ ಇತ್ತು. ಮೊದಲೇ ಟ್ರಕ್ಕಿನಲ್ಲಿ ಬಂದು ಕಾಯುತ್ತಿದ್ದ ನಿನ್ನ ಭಾವ ಒಮ್ಮೆ ಗೋಡೆ, ಒಮ್ಮೆ ಕೈಗಡಿಯಾರ ನೋಡಿದರು.

"ಇದು ಮೋಸ ಕಣೇ!"

"ಮೋಸ ಅಲಬಾಮಾದವರದ್ದು. ಅವರನ್ನೇ ಕೇಳಿ."

ಈ ಕಾರ್ಡಿನ ಹಿಂಬದಿಯ ಚಿತ್ರದಲ್ಲಿರುವ ಕಬ್ಬಿಣದ ದೇವರು ಇಲ್ಲಿನ ಗುಡ್ಡದ ಮೇಲೆ ಪ್ರತಿಮೆಯಾಗಿ ನಿಂತಿದ್ದಾನೆ. ಮುಂದೆ ಏಪ್ರನ್, ಹಿಂದೆ ಬರೀ ಕುಂಡಿ. ನಿನ್ನ ಭಾವನ ಪಂತವೂ ಹಾಗೇ ಆಯಿತು.

ಮಂಡಿನೋವು ಕಡಿಮೆಯಾಗಿದೆ, ಕ್ಲಚ್ ತುಳಿಯುವಷ್ಟು. ಶುಕ್ರವಾರ ವಾಪಸ್. ಅವರು ಇವತ್ತೇ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಎಳೆದೆಳೆದು ನೋಡುತ್ತಿದ್ದಾರೆ.

ನಿನ್ನಕ್ಕ
ಅರ್ವೆಲ್ಲಾ