ಕೆಂಪು ಗುಂಡಿ

ರಾಯದುರ್ಗ
12-9-2019

ಮಡಕಶಿರದಲ್ಲಿ ತಾಯಿಯ ಮನೆ ಸೇರಿ, ಮುರಿದ ಕೈಯನ್ನೂ ಮುರಿಯದ ಸಿಟ್ಟನ್ನೂ ಎದೆಗವಚಿಕೊಂಡು ಕೂತಿರುವ ನನ್ನ ಯಜಮಾನರಿಗೆ, ನಿಮ್ಮ ಸುಂಕಲಮ್ಮ ಮಾಡುವ ನಮಸ್ಕಾರಗಳು.

ಸಮಸ್ತ ಲೋಕಕ್ಕೆ ಡಂಗುರ ಸಾರಿ ತಿಳಿಸುವುದೇನೆಂದರೆ, ಚಾರ್ಜರ್ ಒಂದು ಕಾಣೆಯಾಗಿದೆ. ಕಪ್ಪು ಮೈ, ದಪ್ಪ ಮೂತಿ, ಕತ್ತಿನಲ್ಲಿ ಕೆಂಪು ದಾರ. ನಿಮ್ಮ ಆಟೋದ ಚೀಲದಲ್ಲಿ ತಲೆಮರೆಸಿಕೊಂಡಿದೆಯೆಂದು ಗುಮಾನಿ.

ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ಅಂಚೆಯಣ್ಣನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ. ಗಂಡನ ಹೆಸರು ಬರೆಯಬಾರದಂತೆ. ಆದರೆ ಠಾಣೆಯವರು ‘ಅಂಜಿ, ಆಟೋ ಡ್ರೈವರ್, ಕಳ್ಳತನ’ ಅಂತ ದೊಡ್ಡಕ್ಷರದಲ್ಲಿ ಬರೆದುಕೊಂಡಿದ್ದಾರೆ. ನಾನೇನು ಹೊರಗಿನವಳೇ?

ನಮ್ಮ ಜೀನ್ಸ್ ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ಏನಿತ್ತು? ಕತ್ತರಿಸಿದ ಬಟ್ಟೆಯ ಬಂಡಲಿಗೆ ನಾನು ದಾರ ಕಟ್ಟುತ್ತಿದ್ದೆ, ಕಣೇಕಲ್ಲಿಗೆ ಕೆಂಪು, ಬೊಮ್ಮನಹಾಳಿಗೆ ಹಸಿರು. ನೀವು ಹೊಲಿಯುವ ಹೆಂಗಸರ ಮನೆಗೆ ಮುಟ್ಟಿಸುತ್ತಿದ್ದಿರಿ. ಒಂದು ಬಂಡಲೂ ದಾರಿ ತಪ್ಪಲಿಲ್ಲ. ಶ್ರಾವಣದಲ್ಲಿ ಫ್ಯಾಕ್ಟರಿಗೆ ಲೆಕ್ಕ ಇಡುವ ಕಂಪ್ಯೂಟರ್ ಡಬ್ಬಿ ದಯಮಾಡಿಸಿತು. ಬಂಡಲಿಗೆ ಸ್ಟಿಕರ್, ಸ್ಟಿಕರಿಗೆ ಸ್ಕ್ಯಾನು, ನಿಮ್ಮ ಆಟೋ ಎಲ್ಲಿದೆಯೆಂದು ತೋರಿಸಲು ಸಾವ್ಕಾರರ ಫೋನಿನಲ್ಲಿ ಓಡುವ ಚುಕ್ಕಿ. ಬೆಳಗ್ಗೆ ಎದ್ದು ಮೊದಲು ಡಬ್ಯಾಗಿನ ಆಪು ತೆಗಿರಿ, ಆಮ್ಯಾಲೆ ದೇವರ ಮುಖ ನೋಡ್ರಿ ಅಂತ ಮೇಸ್ತ್ರಿ ಓಬುಲೇಶ ಉಪದೇಶ ಮಾಡಿದ.

ಆವತ್ತು ನೀವು ನಲವತ್ತು ಬಂಡಲ್ ಒಯ್ದಿರಿ. ನೀವು ದಾರಿಯಲ್ಲಿದ್ದಾಗ ಇತ್ತ ಫ್ಯಾಕ್ಟರಿಯಲ್ಲಿ ಯಾರೋ ಪುಣ್ಯಾತ್ಮರು ಡಬ್ಬಿಯಲ್ಲಿ ಏನೋ ಒತ್ತಿದರು. ಕಣೇಕಲ್ಲು ಕೆರೆ ಏರಿಯ ಮೇಲೆ ಚುಕ್ಕಿ ನಿಂತುಬಿಟ್ಟಿತು. ಆಮೇಲೆ ನೀವು ಫೋನಿನಲ್ಲಿ ಮಾಡಿದ ಸ್ಕ್ಯಾನು ಒಂದೂ ದಾಖಲಾಗಲಿಲ್ಲ. ಏರಿ ಮೇಲೆ ಮಾಲು ಮಾರಿಕೊಂಡ ಅಂತ ಸಾವ್ಕಾರರ ತೀರ್ಪು. ಕಣೇಕಲ್ಲಿನ ಮೈಲಾರಮ್ಮ ಅದೇ ಬಟ್ಟೆ ಹೊಲಿಯುತ್ತ, ಬಂದೈತ್ರಿ, ನನ್ನ ತೊಡಿ ಮ್ಯಾಲೇ ಐತ್ರಿ ಅಂತ ಫೋನಿನಲ್ಲಿ ಅರಚಿದಳು. ಡಬ್ಬಿಯಲ್ಲಿ ಇಲ್ಲದ್ದು ತೊಡೆಯ ಮೇಲೂ ಇಲ್ಲವಂತೆ. ಆಕೆಯೂ ಕಳ್ಳಿಯಂತೆ.

ಖಾಲಿ ಆಟೋ ತಂದು ನಿಲ್ಲಿಸಿದಿರಿ. ಓಬುಲೇಶ ಮೊದಲು ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಯಿಂದ ಬಾರಿಸಿದ. ಕೊಳವೆ ಬಗ್ಗಿತು, ನೀವು ಬಗ್ಗಲಿಲ್ಲ. ಇಸ್ತ್ರಿಯ ಕಾಟಮ್ಮ ಅಡ್ಡ ಬಿದ್ದು ತೆಲುಗಿನಲ್ಲಿ ‘ಆಪು, ಆಪು’ ಅಂತ ಕಿರುಚಿದಳು. ನಿಲ್ಲಿಸೋ ಅಂದರೆ ಆ ಮಹಾಶಯ ಡಬ್ಬಿ ಹುಡುಕುತ್ತ ಸುತ್ತಲೂ ನೋಡಿದ! ಆಮೇಲೆ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಕೈಗೆ ಸಿಕ್ಕಿತು. ಮೊಣಕೈ ಮುರಿದ ಸದ್ದಿಗೆ ಮೂವತ್ತು ಮಿಷನ್ ಒಟ್ಟಿಗೆ ನಿಂತವು. ನಿಮ್ಮ ಎರಡು ಹಲ್ಲು ಜೀನ್ಸ್ ಗುಂಡಿಗಳ ರಾಶಿಗೆ ಹಾರಿದವು. ಸ್ಟಿಕರ್ ಇಲ್ಲದ ಕಾರಣ ಅವೂ ದಾಖಲಾಗಲಿಲ್ಲ. ಕಸದಲ್ಲಿ ಹುಡುಕಿ ಒಂದನ್ನು ತೆಗೆದಿಟ್ಟಿದ್ದೇನೆ.

ಯಾಕ ಬಾಯಿ ಬಿಡಲಿಲ್ಲ ಅಂತ ಆಸ್ಪತ್ರೆಯಲ್ಲಿ ಕೇಳಿದಿರಿ. ನನಗೇನೂ ತಿಳಿಯಲಿಲ್ಲ ಅಂದೆ.

ಮೊನ್ನೆ ಓಬುಲೇಶ, ತಪ್ಪಿಲ್ಲದವರನ್ನು ಬಡಿದದ್ದು ಬಯಲಾದೀತೆಂದು ಹೆದರಿ, ಡಬ್ಬಿಯೊಳಗಿನ ದಾಖಲೆ ಅಳಿಸಬೇಕು, ಕೊಡು ಅಂತ ನನ್ನ ಜುಟ್ಟು ಹಿಡಿದ. ಪಕ್ಕದಲ್ಲೇ ಕಾಟಮ್ಮನ ಇಸ್ತ್ರಿ ಕಾದು ಕೂತಿತ್ತು. ಅವನ ಮುಂಗೈ ಮೇಲೆ ಒತ್ತಿ ಹಿಡಿದೆ. ಚರ್ಮ ಇಸ್ತ್ರಿಗೇ ಅಂಟಿ ಬಂತು. ಉಳಿದ ಕಲೆಯನ್ನು ಸ್ಕ್ಯಾನ್ ಮಾಡಿದರೆ ನನ್ನ ಹೆಸರು ಬಂದೀತು.

ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ತಂದೆ, ಈಗ ಅದು ಚಾರ್ಜಿಲ್ಲದೆ ನಮ್ಮ ಮನೆಯ ರಾಗಿ ಡಬ್ಬಿಯಲ್ಲಿ ಸತ್ತುಬಿದ್ದಿದೆ. ಅಂಗಡಿಯ ಯಾವ ಚಾರ್ಜರಿನ ಮೂತಿಯೂ ಅದಕ್ಕೆ ಹೊಂದುತ್ತಿಲ್ಲ, ಅದರದ್ದು ಆವತ್ತು ಬಂಡಲುಗಳ ಜೊತೆ ನಿಮ್ಮ ಆಟೋ ಹತ್ತಿರಬೇಕು. ಇಪ್ಪತ್ತನೇ ತಾರೀಖಿಗೆ ಠಾಣೆಗೆ ತರಬೇಕೆಂದು ಎಸ್ಸೈ ಹೇಳಿದ್ದಾರೆ. ಅದು ಬಾಯಿ ಬಿಡದಿದ್ದರೆ ನೀವು ಜೈಲಿಗೆ.

ಬ್ಲಾಕ್ ಆದರೂ ನಿಮ್ಮವಳೇ,
ಸುಂಕಲಮ್ಮ

ತಾ.ಕ.: ಸಹಿ ಹಾಕಿದ ಮೇಲೆ ಧೈರ್ಯ ಬಂತು. ಆ ಪುಣ್ಯಾತ್ಮಳು ನಾನೇರಿ. ಡಬ್ಬಿಯಲ್ಲಿ ಇದ್ದದ್ದು ತೆಲುಗು ಅಕ್ಷರ. ಕೂಡಿಸಿ ಓದಿದೆ, ಕೆಂಪು ಗುಂಡಿಯ ಮೇಲೆ ‘ಆಪು’. ಮೇಸ್ತ್ರಿ ಹೇಳಿದ ಆಪು ಇದೇ ಅಂತ ಒತ್ತಿದೆ. ಹುಟ್ಟಿದಾಗಿನಿಂದ ತೆಲುಗು ಆಡಿದ ಬಾಯಿಗೆ, ಅದು ‘ನಿಲ್ಲಿಸು’ ಅಂತ ಹೊಳೆಯಲಿಲ್ಲ. ಕಾಟಮ್ಮ ಕಿರುಚಿದಾಗ ಹೊಳೆಯಿತು. ಆಗ ನಿಮ್ಮ ಕೈ ಇನ್ನೂ ನೆಟ್ಟಗಿತ್ತು. ಕೊಕ್ಕೆ ನನ್ನ ಕಡೆ ತಿರುಗೀತೆಂದು ಸುಮ್ಮನಿದ್ದೆ.

ಯಾರು, ಎಷ್ಟು ಹೊತ್ತಿಗೆ, ಯಾವ ಗುಂಡಿ ಒತ್ತಿದರೆಂದು ಡಬ್ಬಿಯಲ್ಲಿ ಇದೆಯಂತೆ. ಎಸ್ಸೈ ಮುಂದೆ ನಾನೇ ತೆಗೆದು ತೋರಿಸುತ್ತೇನೆ. ಚಾರ್ಜರನ್ನು ಹಳೇ ಬನಿಯನ್ನಿನಲ್ಲಿ ಸುತ್ತಿ, ಇತ್ತ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಿಡ್ರಿ. ಒಂದೇ ಕೈಯಲ್ಲಿ ಗಂಟು ಹಾಕಲು ಬರದಿದ್ದರೆ ಅತ್ತೆಗೆ ಹೇಳ್ರಿ.